ಅಗೆಯುವುದನ್ನು ನಿಲ್ಲಿಸಿದವನೇ ಜಾಣ

ಮಕ್ಕಳೇ, ‘ನಿಧಿ’ ಎಂಬ ಮಾತು ಕಿವಿಗೆ ಬಿದ್ದಕೂಡಲೇ ನಿಮಗೆ ಏನು ನೆನಪಾಗುತ್ತದೆ? ನೆಲದಡಿಯ ಕೊಪ್ಪರಿಗೆ, ಅದರ ತುಂಬ ಹೊನ್ನು, ಅದನ್ನು ಕಾಯುವ ಏಳು ಹೆಡೆಯ ಸರ್ಪ! ಅಜ್ಜಿ ಹೇಳುವ ಕಥೆಗಳಲ್ಲಿ ನಿಧಿ ಸಿಕ್ಕವನು ಅದನ್ನು ಗುಟ್ಟಾಗಿ ಮನೆಗೆ ತರುತ್ತಾನೆ, ರಾತ್ರೋರಾತ್ರಿ ಸಿರಿವಂತನಾಗುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಆ ಹೊನ್ನನ್ನು ಹೂತಿಟ್ಟವರು ಯಾರು? ಏಕೆ ಹೂತಿಟ್ಟರು? ಮತ್ತೆ ತೆಗೆದುಕೊಂಡು ಹೋಗಲು ಏಕೆ ಬರಲಿಲ್ಲ? ಈ ಪ್ರಶ್ನೆಗಳನ್ನು ಕಥೆ ಕೇಳುವುದೇ ಇಲ್ಲ.

ವಿಜ್ಞಾನ ಕೇಳುತ್ತದೆ. ಅಷ್ಟೇ ಅಲ್ಲ, ಉತ್ತರವನ್ನೂ ಹುಡುಕುತ್ತದೆ. ಆದರೆ ಆ ಉತ್ತರ ಸಿಗಬೇಕಾದರೆ ಒಂದು ಷರತ್ತಿದೆ. ವಸ್ತು ಕಂಡ ಮನುಷ್ಯ ಅದನ್ನು ಕಿತ್ತು ತೆಗೆಯಬಾರದು. ನೆಲದಲ್ಲಿ ಹಳೆಯ ವಸ್ತು ಕಂಡಾಗ ಬೇಗಬೇಗ ಅಗೆಯುವವನಲ್ಲ, ಅಗೆಯುವುದನ್ನು ನಿಲ್ಲಿಸುವವನೇ ನಿಜವಾದ ಶೋಧಕ ಎಂಬುದು ನನ್ನ ಅಭಿಪ್ರಾಯ. ಹೀಗೇಕೆ ಹೇಳುತ್ತೇನೆ ಎಂಬುದನ್ನು ನೋಡೋಣ ಬನ್ನಿ.

ಕಳೆದ ಸುತ್ತಿಗೆ, ಸಿಕ್ಕ ಪೆಟ್ಟಿಗೆ

ಇಂಗ್ಲೆಂಡಿನ ಸಫಕ್ ಪ್ರಾಂತದಲ್ಲಿ ಹಾಕ್ಸನ್ ಎಂಬ ಹಳ್ಳಿ ಇದೆ. 1992ರ ನವೆಂಬರ್‌ನಲ್ಲಿ ಅಲ್ಲಿನ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅವರ ಗೆಳೆಯ ಎರಿಕ್ ಲಾಸ್ ಅವರ ಬಳಿ ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕ ಯಂತ್ರ ಇತ್ತು. ಸುತ್ತಿಗೆಯನ್ನು ಹುಡುಕಿಕೊಡಲು ಅವರು ನವೆಂಬರ್ 16ರಂದು ಯಂತ್ರ ಹಿಡಿದು ಹೊಲಕ್ಕೆ ಹೋದರು. ಯಂತ್ರ ಸದ್ದು ಮಾಡಿತು. ಅಗೆದರೆ ಸಿಕ್ಕಿದ್ದು ಸುತ್ತಿಗೆಯಲ್ಲ, ಬೆಳ್ಳಿ ಚಮಚಗಳು, ಚಿನ್ನದ ಒಡವೆ, ರಾಶಿ ನಾಣ್ಯ!

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕತ್ತಲಾಗುವವರೆಗೆ ಅಗೆದು ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದಿರಾ? ಲಾಸ್ ಕೆಲವು ವಸ್ತುಗಳನ್ನು ತೆಗೆದ ಮೇಲೆ ನಿಲ್ಲಿಸಿಬಿಟ್ಟರು. ಉಳಿದದ್ದನ್ನು ನೆಲದಲ್ಲೇ ಬಿಟ್ಟು ಅಧಿಕಾರಿಗಳಿಗೆ ತಿಳಿಸಿದರು. ಮರುದಿನವೇ ಪುರಾತತ್ತ್ವ ತಜ್ಞರು ಬಂದರು. ಸಣ್ಣ ಕರಣೆ, ಕುಂಚ ಹಿಡಿದು ಒಂದೊಂದು ವಸ್ತುವೂ ಎಲ್ಲಿದೆ, ಯಾವುದರ ಮೇಲಿದೆ ಎಂದು ಬರೆದುಕೊಳ್ಳುತ್ತ ತೆಗೆದರು. ಸುಮಾರು 15,000 ನಾಣ್ಯಗಳು, ಇನ್ನೂರರಷ್ಟು ಬೆಳ್ಳಿ ಸಾಮಾನು ಮತ್ತು ಚಿನ್ನದ ಒಡವೆಗಳು ಅಲ್ಲಿದ್ದವು. ಕಳೆದ ಸುತ್ತಿಗೆಯೂ ಸಿಕ್ಕಿತು. ಇಂದು ಆ ನಿಧಿಯೂ ಸುತ್ತಿಗೆಯೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಿಧಿಗೆ 17 ಲಕ್ಷ 50 ಸಾವಿರ ಪೌಂಡ್ ಬಹುಮಾನ ದೊರೆಯಿತು. ಲಾಸ್ ಅದನ್ನು ರೈತ ಗೆಳೆಯನೊಂದಿಗೆ ಹಂಚಿಕೊಂಡರು.

ಯಂತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ?

ಲೋಹಶೋಧಕ ಹೇಗೆ ಕೆಲಸ ಮಾಡುತ್ತದೆ? ಅದರ ತುದಿಯಲ್ಲಿ ತಟ್ಟೆಯಂಥ ಭಾಗ ಇರುತ್ತದೆ. ಅದರೊಳಗೆ ತಾಮ್ರದ ತಂತಿಯ ಸುರುಳಿ. ಈ ಸುರುಳಿಯಲ್ಲಿ ವಿದ್ಯುತ್ ಪ್ರವಾಹ ಸದಾ ಬದಲಾಗುತ್ತಿರುತ್ತದೆ. ಆದ್ದರಿಂದ ಸುತ್ತಲೂ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರದೊಳಗೆ ಲೋಹ ಬಂದರೆ ಲೋಹದಲ್ಲಿ ಚಿಕ್ಕ ಚಿಕ್ಕ ಸುಳಿಗಳಂತೆ ವಿದ್ಯುತ್ ಹರಿಯುತ್ತದೆ. ಈ ಸುಳಿಗಳು ತಮ್ಮದೇ ಆದ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಯಂತ್ರ ಅದನ್ನು ಗುರುತಿಸಿ ‘ಕುಂಯ್’ ಎಂದು ಸದ್ದು ಮಾಡುತ್ತದೆ. ಬದಲಾಗುವ ಕಾಂತಕ್ಷೇತ್ರದಿಂದ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದರು. ಲೋಹಶೋಧಕದ ಮೂಲ ಅದೇ.

ಇಂಥ ಯಂತ್ರದ ಹಳೆಯ ಕಥೆಯೊಂದಿದೆ. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ದೇಹದಲ್ಲಿ ಗುಂಡು ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಆಗ ಎಕ್ಸ್-ಕಿರಣದ ಪತ್ತೆಯೇ ಆಗಿರಲಿಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಲೋಹಶೋಧಕವನ್ನು ತಯಾರಿಸಿ ತಂದರು. ಆದರೆ ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು. ಅವು ಯಂತ್ರವನ್ನು ದಾರಿ ತಪ್ಪಿಸಿದವು. ಸಾಲದ್ದಕ್ಕೆ ವೈದ್ಯರು ದೇಹದ ಬಲಭಾಗದಲ್ಲಿ ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಭಾಗದಲ್ಲಿ! ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ತೀರಿಕೊಂಡರು.

ಇದರಿಂದ ಒಂದು ಮಾತು ಸ್ಪಷ್ಟ. ‘ಇಲ್ಲಿ ಲೋಹ ಇದೆ’ ಎಂದಷ್ಟೇ ಯಂತ್ರ ಹೇಳಬಲ್ಲದು. ಅದು ಯಾರದು, ಯಾವ ಕಾಲದ್ದು, ಏಕೆ ಅಲ್ಲಿದೆ ಎಂದು ಹೇಳಲಾರದು. ಅದನ್ನು ಮನುಷ್ಯನೇ ಯೋಚಿಸಿ ಕಂಡುಕೊಳ್ಳಬೇಕು. ಯೋಚಿಸಲು ಸುಳಿವು ಬೇಕು. ಸುಳಿವು ಇರುವುದು ವಸ್ತುವಿನಲ್ಲಿ ಮಾತ್ರವಲ್ಲ, ಅದರ ಸುತ್ತಲಿನ ಮಣ್ಣಿನಲ್ಲಿ ಕೂಡ.

ಮಣ್ಣು ಹೇಳಿದ ಕಥೆ

ಹಾಕ್ಸನ್ನಿನ ಮಣ್ಣು ಏನೇನು ಹೇಳಿತು ಗೊತ್ತೇ? ಮರದ ಪೆಟ್ಟಿಗೆ ಬಹುಪಾಲು ಕೊಳೆತು ಹೋಗಿತ್ತು. ಆದರೆ ಅದರ ಬಿಜಾಗರಿ, ಬೀಗಗಳು ಇದ್ದಲ್ಲೇ ಇದ್ದವು. ಅವುಗಳಿಂದ ಪೆಟ್ಟಿಗೆಯ ಉದ್ದ ಸುಮಾರು 60 ಸೆಂಟಿಮೀಟರ್ ಎಂದು ತಿಳಿಯಿತು. ಸಾಮಾನುಗಳನ್ನು ಬೇಕಾಬಿಟ್ಟಿ ತುರುಕಿರಲಿಲ್ಲ. ಒಂದಕ್ಕೊಂದು ತಾಗದಂತೆ ಹುಲ್ಲು ಇಟ್ಟು ಜೋಡಿಸಿದ್ದರು. ಅಂದರೆ ಇದು ಕಳ್ಳರು ಗಡಿಬಿಡಿಯಲ್ಲಿ ಎಸೆದು ಹೋದ ಗಂಟಲ್ಲ. ತಮ್ಮ ಸಂಪತ್ತನ್ನು ಜೋಪಾನವಾಗಿ ಇಟ್ಟು, ಮತ್ತೆ ಬಂದು ತೆಗೆದುಕೊಳ್ಳಬೇಕೆಂದಿದ್ದ ಮನೆಯವರು ಹೂತಿಟ್ಟದ್ದು ಎಂದು ತಜ್ಞರು ಊಹಿಸಿದರು.

ಹೂತಿಟ್ಟದ್ದು ಯಾವಾಗ? ಇದಕ್ಕೆ ನಾಣ್ಯಗಳು ಉತ್ತರ ಹೇಳಿದವು. ರೋಮನ್ ನಾಣ್ಯದ ಮೇಲೆ ಚಕ್ರವರ್ತಿಯ ಮುಖ, ಹೆಸರು, ಅಚ್ಚು ಹಾಕಿದ ಟಂಕಸಾಲೆಯ ಗುರುತು ಇರುತ್ತವೆ. ಈ ರಾಶಿಯಲ್ಲಿ ಎಲ್ಲಕ್ಕಿಂತ ಹೊಸ ನಾಣ್ಯ ಕ್ರಿ.ಶ. 407-408ರ ಹೊತ್ತಿನದು. ಹೂತಿಟ್ಟದ್ದು ಅದಕ್ಕಿಂತ ಮೊದಲಾಗಿರಲು ಸಾಧ್ಯವಿಲ್ಲ, ಅಲ್ಲವೇ? ಬ್ರಿಟನ್ನಿನಲ್ಲಿ ರೋಮನ್ನರ ಆಳ್ವಿಕೆ ಕೊನೆಗೊಂಡದ್ದು ಕ್ರಿ.ಶ. 410ರ ಸುಮಾರಿಗೆ. ಆ ಕಳವಳದ ದಿನಗಳಲ್ಲಿ ಒಂದು ಕುಟುಂಬ ತನ್ನ ಸಂಪತ್ತನ್ನು ಹೂತಿಟ್ಟಿತು. ಮತ್ತೆ ಬರಲಿಲ್ಲ.

ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚಿನವುಗಳ ಅಂಚನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಹೊಸ ನಾಣ್ಯ ಬರುವುದು ನಿಂತಾಗ ಜನ ಇದ್ದ ನಾಣ್ಯದಿಂದಲೇ ಬೆಳ್ಳಿ ಕದಿಯುತ್ತಿದ್ದರು. ಆದರೆ ಚಕ್ರವರ್ತಿಯ ಮುಖಕ್ಕೆ ಕತ್ತರಿ ತಾಗಿಸಿರಲಿಲ್ಲ! ಚಿನ್ನದ ಒಂದು ಬಳೆಯ ಮೇಲೆ ಜೂಲಿಯಾನಾ ಎಂಬ ಹೆಣ್ಣುಮಗಳ ಹೆಸರಿತ್ತು. ಯಾವ ಇತಿಹಾಸ ಪುಸ್ತಕದಲ್ಲೂ ಇಲ್ಲದ ಹೆಂಗಸಿನ ಹೆಸರು ಸಾವಿರದ ಆರುನೂರು ವರ್ಷಗಳ ಅನಂತರ ನಮಗೆ ಕೇಳಿಸಿತು.

ಆ ಪೆಟ್ಟಿಗೆಯಲ್ಲಿ ನಮ್ಮ ಕಡೆಯ ವಿಷಯವೂ ಒಂದಿತ್ತು. ಅದರಲ್ಲಿದ್ದ ನಾಲ್ಕು ಪುಟ್ಟ ಬೆಳ್ಳಿ ಪಾತ್ರೆಗಳು ಕರಿಮೆಣಸಿನ ಪುಡಿಯನ್ನು ಉದುರಿಸುವ ಡಬ್ಬಿಗಳು. ಒಂದು ಡಬ್ಬಿಯ ತಳದಲ್ಲಿ ತಿರುಗುವ ಬಿಲ್ಲೆ ಇತ್ತು. ಒಮ್ಮೆ ತಿರುಗಿಸಿದರೆ ಮುಚ್ಚಿಕೊಳ್ಳುತ್ತದೆ, ಇನ್ನೊಮ್ಮೆ ತಿರುಗಿಸಿದರೆ ಪುಡಿ ತುಂಬಬಹುದು, ಮತ್ತೊಮ್ಮೆ ತಿರುಗಿಸಿದರೆ ಸಣ್ಣ ತೂತುಗಳಿಂದ ಉದುರಿಸಬಹುದು. ಆ ಕಾಲದಲ್ಲಿ ಕರಿಮೆಣಸು ರೋಮಿಗೆ ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟಗಳ ತಪ್ಪಲಿನಿಂದ, ಮಲಬಾರ್ ತೀರದ ಬಂದರುಗಳ ಮೂಲಕ. ಅದು ಎಷ್ಟು ಬೆಲೆಬಾಳುತ್ತಿತ್ತು ಎಂದರೆ, ಕ್ರಿ.ಶ. 408ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಅಲಾರಿಕ್ ಎಂಬ ದೊರೆ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆಗೆ 3,000 ಪೌಂಡ್ ಮೆಣಸನ್ನೂ ಕೇಳಿದ್ದ! ಶಿರಸಿ, ಸಾಗರದ ಅಡಿಕೆ ಮರಗಳಿಗೆ ಹಬ್ಬಿರುವ ಮೆಣಸಿನ ಬಳ್ಳಿಯನ್ನು ನೋಡಿದಾಗ ಆ ಬೆಳ್ಳಿ ಡಬ್ಬಿಗಳನ್ನು ನೆನೆಯಿರಿ.

ಕಿತ್ತು ಮಾರಿದರೆ ಏನಾಗುತ್ತದೆ?

‘ಯಾರು ಅಗೆದರೇನು, ನಾಣ್ಯ ನಾಣ್ಯವೇ ಅಲ್ಲವೇ?’ ಎಂದು ನೀವು ಕೇಳಬಹುದು. ಅಲ್ಲ. ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರ ಬರೆದು, ಉತ್ತರಪತ್ರಿಕೆಯ ಮೇಲೆ ಹೆಸರು, ನೋಂದಣಿ ಸಂಖ್ಯೆ ಬರೆಯದಿದ್ದರೆ ಏನಾಗುತ್ತದೆ? ಉತ್ತರ ಸರಿಯಿದೆ, ಆದರೆ ಅಂಕ ಯಾರಿಗೆ ಕೊಡಬೇಕು? ಸಿಕ್ಕ ಜಾಗ ಗೊತ್ತಿಲ್ಲದ ನಾಣ್ಯದ ಪಾಡೂ ಹೀಗೆಯೇ.

ಇದಕ್ಕೂ ಇಂಗ್ಲೆಂಡಿನದೇ ಉದಾಹರಣೆ ಇದೆ. 2015ರಲ್ಲಿ ಹೆರೆಫರ್ಡ್‌ಶೈರ್ ಪ್ರಾಂತದ ಲೆಮ್‌ಸ್ಟರ್ ಊರಿನ ಬಳಿ ಇಬ್ಬರಿಗೆ ಲೋಹಶೋಧಕದಿಂದ ವೈಕಿಂಗರ ಕಾಲದ ನಿಧಿ ಸಿಕ್ಕಿತು. ಅವರು ಯಾರಿಗೂ ತಿಳಿಸದೆ ನಾಣ್ಯಗಳನ್ನು ಗುಟ್ಟಾಗಿ ಮಾರತೊಡಗಿದರು. ಫೋನಿನಿಂದ ಅಳಿಸಿಹಾಕಿದ್ದ ಚಿತ್ರಗಳನ್ನು ಪೊಲೀಸರು ಮರಳಿ ಪಡೆದಾಗ ಗುಟ್ಟು ಹೊರಬಿತ್ತು. ನಿಧಿಯಲ್ಲಿ ಸುಮಾರು 300 ನಾಣ್ಯಗಳಿದ್ದವು ಎಂದು ಅಂದಾಜು. 2019ರಲ್ಲಿ ಅವರಿಗೆ ಸೆರೆವಾಸದ ಶಿಕ್ಷೆಯಾಗುವ ವೇಳೆಗೆ ವಾಪಸು ಸಿಕ್ಕಿದ್ದವು 31 ಮಾತ್ರ.

ನಷ್ಟ ಬರೀ ಹಣದ್ದಲ್ಲ. ಸಿಕ್ಕ ಕೆಲವು ನಾಣ್ಯಗಳ ಮೇಲೆ ಇಬ್ಬರು ಅರಸರು ಅಕ್ಕಪಕ್ಕ ಕುಳಿತ ಚಿತ್ರವಿದೆ. ವೆಸೆಕ್ಸ್ ರಾಜ್ಯದ ಆಲ್ಫ್ರೆಡ್ ಮತ್ತು ಮರ್ಸಿಯಾ ರಾಜ್ಯದ ಚಿಯೋಲ್‌ವುಲ್ಫ್ ಸ್ನೇಹದಿಂದ ನಾಣ್ಯ ಅಚ್ಚು ಹಾಕಿಸಿದ್ದರು ಎಂಬುದಕ್ಕೆ ಅವು ಸಾಕ್ಷಿ. ಆದರೆ ಆಲ್ಫ್ರೆಡನ ಕಡೆಯವರು ಬರೆದಿಟ್ಟ ಚರಿತ್ರೆಯಲ್ಲಿ ಚಿಯೋಲ್‌ವುಲ್ಫ್ ಬುದ್ಧಿಯಿಲ್ಲದವನು, ವೈಕಿಂಗರ ಕೈಗೊಂಬೆ! ಗೆದ್ದವರು ಬರೆದ ಚರಿತ್ರೆಯನ್ನು ಪುಟ್ಟ ನಾಣ್ಯಗಳು ಪ್ರಶ್ನಿಸುತ್ತಿವೆ. ಉಳಿದ ನಾಣ್ಯಗಳು ಇದ್ದಿದ್ದರೆ ಇನ್ನೂ ಏನೇನು ಹೇಳುತ್ತಿದ್ದವೋ!

ನಮ್ಮ ನೆಲದ ಮಾತು

ನಮ್ಮ ನಾಡಿನ ಮಣ್ಣಿನಲ್ಲೂ ಇಂಥ ಸುಳಿವುಗಳು ತುಂಬಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಾದಿಯ ಕೆಲಸ ನಡೆಯುವಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ದೊರೆತಿವೆ. ಅಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದಲ್ಲಿ ಮಣ್ಣನ್ನು ಪದರ ಪದರವಾಗಿ ತೆಗೆದರು. ಕಾಲ ಗೊತ್ತಿರುವ ರೋಮನ್ ನಾಣ್ಯ ಯಾವ ಪದರದಲ್ಲಿ ಸಿಕ್ಕಿತೋ ಅದೇ ಪದರದ ಮಡಕೆ ಚೂರುಗಳ ಕಾಲವನ್ನೂ ಅದರಿಂದ ಅಂದಾಜು ಮಾಡಬಹುದಾಯಿತು. ನಾಣ್ಯವನ್ನು ಯಾರಾದರೂ ಮೊದಲೇ ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ ಮಡಕೆ ಚೂರುಗಳು ಮೂಕವಾಗಿ ಉಳಿಯುತ್ತಿದ್ದವು.

ಆದರೆ ನಿಧಿಯಾಸೆ ನಮ್ಮಲ್ಲಿ ಮಾಡುತ್ತಿರುವ ಹಾನಿ ಬಹಳ. 2019ರ ಜುಲೈನಲ್ಲಿ ಆನೆಗೊಂದಿ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ವ್ಯಾಸರಾಜರ ವೃಂದಾವನವನ್ನು ರಾತ್ರಿ ವೇಳೆ ಕೆಡವಿದರು. ನಿಧಿಗಾಗಿ ಈ ಕೃತ್ಯ ನಡೆಸಿದ ಆರೋಪದ ಮೇಲೆ ಪೊಲೀಸರು ಹಲವರನ್ನು ಬಂಧಿಸಿದರು. ಊರೂರುಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲು, ಪಾಳುಗುಡಿಗಳನ್ನು ಕಿತ್ತು ಕೆಳಗೆ ಗುಂಡಿ ತೋಡುವವರಿದ್ದಾರೆ. ವೀರಗಲ್ಲನ್ನು ನಿಲ್ಲಿಸಿದ್ದು ಹೊನ್ನು ಮುಚ್ಚಿಡಲು ಅಲ್ಲ. ಊರಿನ ದನಗಳನ್ನು ಕಾಯುತ್ತ, ಊರನ್ನು ಉಳಿಸುತ್ತ ಸತ್ತವರ ನೆನಪಿಗೆ ಅದನ್ನು ನಿಲ್ಲಿಸಿದರು. ಅದರ ಮೇಲಿನ ಸೂರ್ಯ ಚಂದ್ರರು ನಿಧಿಯ ಗುರುತಲ್ಲ. ಸೂರ್ಯ ಚಂದ್ರರು ಇರುವವರೆಗೆ ಈ ಹೆಸರು ಉಳಿಯಲಿ ಎಂಬ ಹಾರೈಕೆ. ಇಲ್ಲದ ಹೊನ್ನಿನ ಆಸೆಗೆ ಇದ್ದ ಚರಿತ್ರೆಯನ್ನು ಒಡೆಯುವುದು ಎಂಥ ದಡ್ಡತನ!

ಹಾಗಾದರೆ ಏನು ಮಾಡಬೇಕು?

ಇಂಗ್ಲೆಂಡಿನಲ್ಲಿ ಜಮೀನಿನವರ ಒಪ್ಪಿಗೆ ಪಡೆದು ಲೋಹಶೋಧಕ ಬಳಸಬಹುದು. ಆದರೆ 1996ರ ಕಾಯ್ದೆಯ ಪ್ರಕಾರ ನಿಧಿ ಸಿಕ್ಕರೆ 14 ದಿನಗಳಲ್ಲಿ ತಿಳಿಸಲೇಬೇಕು. ನಿಧಿ ಎನಿಸದ ಸಣ್ಣಪುಟ್ಟ ಗುಂಡಿ, ಪಿನ್ನುಗಳನ್ನು ಕೂಡ ತಂದು ತೋರಿಸಿ ದಾಖಲಿಸಲು 1997ರಲ್ಲಿ ಒಂದು ಯೋಜನೆ ಆರಂಭವಾಯಿತು. ಅದರಲ್ಲಿ ಈವರೆಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಸಾಮಾನ್ಯ ಜನರ ಒಂದೊಂದು ಚುಕ್ಕೆ ಸೇರಿ ದೇಶದ ಇತಿಹಾಸದ ದೊಡ್ಡ ನಕ್ಷೆಯೇ ಆಗಿದೆ.

ನಮ್ಮಲ್ಲೂ ಕಾನೂನಿದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕೆಂದು 1878ರಲ್ಲೇ ನಿಧಿ ಕಾಯ್ದೆ ಬಂತು. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ಕಾಯ್ದೆಯಾಯಿತು. ನೂರು ವರ್ಷಕ್ಕಿಂತ ಹಳೆಯ ವಿಗ್ರಹ, ನಾಣ್ಯ, ಕಲಾಕೃತಿಗಳನ್ನು 1972ರ ಕಾಯ್ದೆ ಕಾಪಾಡುತ್ತದೆ. ಹಾಗೆಂದು ಕಾಯ್ದೆ ಇದ್ದಮಾತ್ರಕ್ಕೆ ಸಾಲದು. ಉಳುವಾಗ ಹೊಲದಲ್ಲಿ ಹಳೆಯ ನಾಣ್ಯ ಸಿಕ್ಕ ರೈತ ‘ಯಾಕೆ ಬೇಕು ಕಚೇರಿ, ಪೊಲೀಸು ಎಂಬ ತಾಪತ್ರಯ’ ಎಂದು ಹೆದರಿ ಸುಮ್ಮನಾಗುತ್ತಾನೆ. ತಿಳಿಸಿದವನನ್ನು ಕಳ್ಳನಂತೆ ನೋಡದೆ, ಊರ ಮುಂದೆ ಶಾಲು ಹೊದಿಸಿ ಗೌರವಿಸಬೇಕು. ವಸ್ತುವಿನ ಪಕ್ಕದಲ್ಲಿ ಅವನ ಹೆಸರನ್ನೂ ಬರೆದಿಡಬೇಕು. ಹೆದರಿಕೆ ಹೋದರೆ ಚರಿತ್ರೆ ಹೊರಬರುತ್ತದೆ. ಇದು ದೊಡ್ಡವರು ಮಾಡಬೇಕಾದ ಕೆಲಸ.

ಮಕ್ಕಳಾದ ನೀವು ಮಾಡಬಹುದಾದ ಕೆಲಸವೂ ಇದೆ. ಅದಕ್ಕೆ ಯಂತ್ರ ಬೇಡ, ಅಗೆಯುವುದೂ ಬೇಡ. ಕಣ್ಣು, ಕಿವಿ, ಒಂದು ನೋಟ್‌ಪುಸ್ತಕ ಸಾಕು.

ಹೊಲದಲ್ಲೋ ಪಾಯ ತೆಗೆಯುವಲ್ಲೋ ಹಳೆಯ ವಸ್ತು ಕಂಡರೆ ಅಲ್ಲಿಗೇ ನಿಲ್ಲಿಸುವಂತೆ ದೊಡ್ಡವರಿಗೆ ಹೇಳಿ. ಯಾವ ಹೊಲ, ಬದುವಿನಿಂದ ಎಷ್ಟು ಹೆಜ್ಜೆ, ಎಷ್ಟು ಆಳ ಎಂದು ಬರೆದುಕೊಳ್ಳಿ. ಜೊತೆಗೆ ಮಡಕೆ ಚೂರು, ಇಟ್ಟಿಗೆ, ಬೂದಿ ಇತ್ತೇ ನೋಡಿ, ಚಿತ್ರ ಬರೆಯಿರಿ. ನಿಮ್ಮ ಗುರುಗಳಿಗೆ ತಿಳಿಸಿ. ಅವರು ತಹಶೀಲ್ದಾರರಿಗೆ ಅಥವಾ ಪುರಾತತ್ತ್ವ ಇಲಾಖೆಗೆ ತಿಳಿಸುತ್ತಾರೆ. ಇನ್ನೊಂದು ಮಾತು: ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪಿಸಬೇಡಿ! ಹುಣಸೆಯಲ್ಲಿರುವ ಆಮ್ಲವು ತಾಮ್ರದ ಮೇಲಿನ ಹಸಿರು ಪದರವನ್ನು ಕರಗಿಸುತ್ತದೆ. ಆ ಪದರದ ಜೊತೆಗೆ ಸವೆದ ಅಕ್ಷರ, ಗುರುತುಗಳೂ ಹೊರಟುಹೋಗುತ್ತವೆ.

ಆಮೇಲೆ ಊರಿನ ಚರಿತ್ರೆಯನ್ನು ಹುಡುಕಿ. ಆ ಹೊಲಕ್ಕೆ ಏನೆಂದು ಹೆಸರು? ‘ಹಾಳೂರು’, ‘ಕೋಟೆ ಹೊಲ’, ‘ಸಂತೆಮಾಳ’ ಎಂಬ ಹೆಸರುಗಳು ಸುಮ್ಮನೆ ಬರುವುದಿಲ್ಲ. ಅಲ್ಲಿ ಮೊದಲು ಏನಿತ್ತು ಎಂದು ಅಜ್ಜ ಅಜ್ಜಿಯರನ್ನು ಕೇಳಿ. ನಿಮ್ಮೂರಿನ ಶಾಸನವನ್ನು ಯಾರಾದರೂ ಓದಿದ್ದಾರೆಯೇ ತಿಳಿಯಿರಿ. ಬಿ.ಎಲ್. ರೈಸ್ ಅವರು ಹಳೆಯ ಮೈಸೂರು ಸೀಮೆಯ ಊರೂರು ತಿರುಗಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಕಲೆಹಾಕಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಮೊದಲ ಸಂಪುಟ ಬಂದದ್ದು 1886ರಲ್ಲಿ. ಅವುಗಳಲ್ಲಿ ಶಾಸನಗಳನ್ನು ತಾಲ್ಲೂಕುಗಳ ಪ್ರಕಾರ ಜೋಡಿಸಿದ್ದಾರೆ. ದೊಡ್ಡ ಗ್ರಂಥಾಲಯಕ್ಕೆ ಹೋದಾಗ ನಿಮ್ಮ ತಾಲ್ಲೂಕಿನ ಪುಟ ತೆಗೆಸಿ ನೋಡಿ. ನಿಮ್ಮೂರ ಗುಡಿಯ ಮುಂದಿನ ಕಲ್ಲು ಅಲ್ಲಿ ಮಾತನಾಡುತ್ತಿರಬಹುದು.

ಮಾಡಿ ನೋಡಿ

ಮನೆಯಲ್ಲಿರುವ ಉಳಿತಾಯದ ಕುಡಿಕೆಯಿಂದ ಹತ್ತಿಪ್ಪತ್ತು ನಾಣ್ಯಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದರ ಇಸವಿ ಬರೆದುಕೊಳ್ಳಿ. ಇಸವಿಯ ಕೆಳಗೆ ಪುಟ್ಟ ಗುರುತು ಇದೆಯೇ ನೋಡಿ. ಚುಕ್ಕೆ ಇದ್ದರೆ ಅದು ನೋಯ್ಡಾದ ಟಂಕಸಾಲೆಯದು, ವಜ್ರದಾಕಾರ ಇದ್ದರೆ ಮುಂಬಯಿಯದು, ನಕ್ಷತ್ರ ಇದ್ದರೆ ಹೈದರಾಬಾದಿನದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಎಲ್ಲಕ್ಕಿಂತ ಹೊಸ ನಾಣ್ಯ ಯಾವುದು? ಕುಡಿಕೆಗೆ ಕೊನೆಯ ಬಾರಿ ದುಡ್ಡು ಹಾಕಿದ್ದು ಆ ವರ್ಷಕ್ಕಿಂತ ಮೊದಲಲ್ಲ ಎಂದು ನೀವು ಖಚಿತವಾಗಿ ಹೇಳಬಲ್ಲಿರಿ. ಹಾಕ್ಸನ್ನಿನ ನಿಧಿಯ ಕಾಲ ಹೇಳಿದ ತಜ್ಞರೂ ಇದೇ ತರ್ಕವನ್ನು ಬಳಸಿದರು.

ಈಗ ಅದೇ ನಾಣ್ಯಗಳನ್ನು ಪಕ್ಕದ ಮನೆಯವರ ನಾಣ್ಯಗಳ ಜೊತೆ ಬೆರೆಸಿಬಿಡಿ. ನಿಮ್ಮ ಕುಡಿಕೆಯ ಬಗ್ಗೆ ಈಗ ಏನಾದರೂ ಹೇಳಲು ಸಾಧ್ಯವೇ? ನಾಣ್ಯಗಳು ಒಂದೂ ಕಳೆದಿಲ್ಲ. ಕಥೆ ಮಾತ್ರ ಕಳೆದುಹೋಯಿತು. ಏಕೆಂದು ಗೆಳೆಯರೊಂದಿಗೆ ಚರ್ಚಿಸಿ.